ಬೆರಳುದ್ದದ ಜಾಗ

ಟವೆಲ್ಲಿನ ಕೆಳಗೆ ಎರಡು ಕೈಗಳು ಆಡುತ್ತಿದ್ದವು. ಒಂದು ಸಿರಿಯ ದೊಡ್ಡಪ್ಪ ಷಡಕ್ಷರಪ್ಪನವರದು, ಇನ್ನೊಂದು ಅರಸೀಕೆರೆಯ ಕಂಪ್ಯೂಟರ್ ಅಂಗಡಿಯ ಮಾಲೀಕ ಮಹಾಂತೇಶನದು. ಬೆರಳು ಹಿಡಿದು, ಒತ್ತಿ, ಬಿಟ್ಟು ದರ ಕುದುರಿಸುವ ಕೊಬ್ಬರಿ ವ್ಯಾಪಾರದ ಈ ಹಳೇ ವಿದ್ಯೆ ಲ್ಯಾಪ್‌ಟಾಪಿಗೂ ನಡೆಯುತ್ತದೆಂದು ಸಿರಿ ಕನಸಿನಲ್ಲೂ ಎಣಿಸಿರಲಿಲ್ಲ. ದುಡ್ಡು ಅವಳದು, ದುಡಿಯುವವಳೂ ಅವಳೇ. ಆದರೂ ಗಾಜಿನ ಮೇಜಿನ ಈಚೆ ಸುಮ್ಮನೆ ನಿಂತಿದ್ದಳು.

"ಮುಗೀತು," ಎಂದು ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಆ ತೆಳ್ಳಗಿರೋದನ್ನ ಕಟ್ಟಪ್ಪ ಮಹಾಂತೇಶ."

"ದೊಡ್ಡಪ್ಪ, ನಾನು ಹೇಳಿದ್ದು ಅದಲ್ಲ. ಪಕ್ಕದ್ದು, ದಪ್ಪ ಇರೋದು."

"ಗೊತ್ತು ಕಣೇ. ಕತ್ತೆ ಭಾರ ಐತೆ ಅದು. ದಿನಾ ಹೊತ್ಕೊಂಡು ತಿರುಗೋಳು ನೀನು. ಇದು ನೋಡು, ಹಗೂರ. ಒಳ್ಳೇ ರೇಟಿಗೂ ಬಂತು."

ಮನೆಯ ಪದ್ಧತಿಯೇ ಹಾಗೆ. ಹೊಲಿಗೆ ಯಂತ್ರದಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ದೊಡ್ಡ ವಸ್ತು ಯಾವುದೇ ಬರಲಿ, ಕಣಕಟ್ಟೆಯ ಷಡಕ್ಷರಪ್ಪನವರ ಕೈಯಿಂದಲೇ ಬರಬೇಕು. ಸಿರಿಯ ಅಪ್ಪ ರೇವಣಸಿದ್ದಪ್ಪನವರು ಬೆಳಿಗ್ಗೆ ಫೋನು ಮಾಡಿ, "ಅಣ್ಣನ್ನೂ ಕರ್ಕಂಡು ಹೋಗವ್ವ, ಅವನ ಕೈ ಒಳ್ಳೇದು," ಎಂದಿದ್ದರು. ಇವಳೂ ಹೂಂ ಎಂದಿದ್ದಳು. ಆ ಹೂಂ ನೆನಪಾಗಿ ಅವಳಿಗೆ ಈಗ ತನ್ನ ಮೇಲೆಯೇ ಸಿಟ್ಟು ಬಂತು.

"ಮಹಾಂತೇಶಣ್ಣ, ಈ ತೆಳ್ಳಗಿರೋದ್ರಲ್ಲಿ ಸ್ಟೋರೇಜ್ ಮುಂದೆ ಹೆಚ್ಚಿಸ್ಕೋಬಹುದಾ? ಬಾಯಿ ಬಿಟ್ಟು ಹೇಳಿ."

ಮಹಾಂತೇಶ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ. "ಈಗಿರೋದೇ ಸಾಕಾಗುತ್ತೆ ಮೇಡಂ. ಸಾಲದೇ ಹೋದ್ರೆ ಹೊರಗಡೆಯಿಂದ ಒಂದು ಹಾರ್ಡ್ ಡಿಸ್ಕ್ ಚುಚ್ಚಿಕೊಂಡ್ರಾಯ್ತು."

"ಛತ್ರದಲ್ಲಿ ಕೂತು ಮದುವೆ ವಿಡಿಯೋ ಕೆಲಸ ಮಾಡೋಳು ನಾನು. ನೂರು ಜನ ತಂತಿ ಎಡವ್ತಾರೆ. ಕೇಳಿದ್ದಕ್ಕೆ ಹೇಳಿ. ಆಗುತ್ತಾ, ಇಲ್ವಾ?"

"ಇಲ್ಲ," ಎಂದ ಮಹಾಂತೇಶ, ದೊಡ್ಡಪ್ಪನವರ ಮುಖ ನೋಡುತ್ತ. "ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಆ ದಪ್ಪದ್ರಲ್ಲಾದ್ರೆ ಇನ್ನೊಂದು ಹಾಕೋಕೆ ಜಾಗ ಖಾಲಿ ಬಿಟ್ಟಿದಾರೆ."

ದೊಡ್ಡಪ್ಪ ನಕ್ಕೇಬಿಟ್ಟರು. "ಖಾಲಿ ಜಾಗಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನೇ? ಕೊಬ್ಬರಿ ತಗೊಳ್ಳೋರು ಖಾಲಿ ಚೀಲ ತೂಕಕ್ಕೆ ಹಾಕ್ತಾರಾ?"

ಸಿರಿಗೆ ಮೈಯೆಲ್ಲ ಉರಿದುಹೋಯಿತು. ಖಾಲಿ ಜಾಗದ ಬೆಲೆ ಏನೆಂದು ಈ ಅಂಗಡಿಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಹೋದ ವರ್ಷ ಹಳೇಬೀಡಿನ ಛತ್ರದಲ್ಲಿ ಹುಲಿಕೆರೆಯ ಲಲಿತಮ್ಮನ ಮಗಳ ಮದುವೆಗೆ ವಿಡಿಯೋ ಮಾಡಿದ್ದು ಅವಳೇ. ಲಲಿತಮ್ಮನ ಗಂಡ ನಂಜುಂಡಯ್ಯ ಮೂರು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಮನುಷ್ಯ. ಅಂಥವರು ಅಂದು ಮೈಕು ಹಿಡಿದು ನಾಲ್ಕು ನಿಮಿಷ ಮಾತಾಡಿದರು, ಅತ್ತರು, ಹೆಂಡತಿಯನ್ನು ಹೆಸರು ಹಿಡಿದು ಕರೆದು ಜನರನ್ನು ನಗಿಸಿದರು. ಸಿರಿ ಹಾಡು ಹಾಕಿ ಚಂದ ಮಾಡಿ ಕೊಟ್ಟ ವಿಡಿಯೋದಲ್ಲಿ ಆ ಮಾತು ಇರಲಿಲ್ಲ. ಮೂಲದ ಫೈಲು ಲ್ಯಾಪ್‌ಟಾಪಿನಲ್ಲಿತ್ತು. ಮದುವೆಯ ಸುಗ್ಗಿ ಬಂತು, ಲ್ಯಾಪ್‌ಟಾಪು ತುಂಬಿತು, ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸಿದಳು. ಎರಡು ತಿಂಗಳಿಗೆ ನಂಜುಂಡಯ್ಯ ತೀರಿಕೊಂಡರು. ಹದಿಮೂರು ಕಳೆದ ಮಾರನೆಯ ದಿನ ಲಲಿತಮ್ಮ ಬಸ್ಸು ಹತ್ತಿ ಬೇಲೂರಿನ ಇವಳ ಅಂಗಡಿಗೆ ಬಂದು, "ಅವರ್ದು ಧ್ವನಿ ಐತಂತಲ್ಲವ್ವ ನಿನ್ ತಾವ," ಎಂದು ಕೇಳಿದ್ದರು. ಇಲ್ಲವೆಂದಾಗ ಬೈಯಲಿಲ್ಲ. "ಹೋಗ್ಲಿ ಬಿಡವ್ವ, ನಿಂಗೇನ್ ಕನಸು ಬಿದ್ದಿತ್ತಾ," ಎಂದು ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇನ್ನು ಮೇಲೆ ಯಾರದನ್ನೂ ಜಾಗವಿಲ್ಲವೆಂದು ಅಳಿಸುವುದಿಲ್ಲ ಎಂದು ಸಿರಿ ಅಂದೇ ಆಣೆ ಇಟ್ಟುಕೊಂಡಿದ್ದಳು.

"ನಂಗೆ ಇದು ಬೇಡ," ಎಂದಳು.

"ಏನಂದೆ?"

"ಬೇಡ ಅಂದೆ ದೊಡ್ಡಪ್ಪ."

"ಕೈ ಕೊಟ್ಟು ವ್ಯಾಪಾರ ಮುಗೀತು ಕಣೇ! ಬಟ್ಟೆ ತೆಗೆದ ಮೇಲೆ ಮಾತು ತಿರುಗಿಸಿದ್ದು ನಲವತ್ತು ವರ್ಷದಲ್ಲಿ ಒಂದ್ಸಲ ಇಲ್ಲ ನಾನು. ಊರೆಲ್ಲ ಏನಂದೀತು?"

"ಕೈ ಕೊಟ್ಟೋರು ನೀವು. ನಾನು ಕೊಟ್ಟಿಲ್ಲ. ಬಟ್ಟೆ ಅಡಿ ಏನು ಆಡಿದ್ರೋ ನಂಗೇನು ಕಾಣ್ತಿತ್ತಾ? ನನ್ನ ಒಂದು ಮಾತು ಕೇಳಿದ್ರಾ ನೀವು?"

ದನಿ ಏರಿತ್ತು. ಪ್ರಿಂಟರ್ ನೋಡುತ್ತಿದ್ದ ಗಿರಾಕಿಗಳಿಬ್ಬರು ಇತ್ತ ತಿರುಗಿದರು. ದೊಡ್ಡಪ್ಪನವರ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಅದನ್ನು ಕಂಡು ಸಿರಿಗೆ ಅಯ್ಯೋ ಅನ್ನಿಸಿತು. ಆದರೆ ಸಿಟ್ಟೇನೂ ಇಳಿಯಲಿಲ್ಲ.

"ಯಜಮಾನ್ರೇ, ನೀವೇ ಒಂದು ಮಾತು ಹೇಳಿ," ಎಂದ ಮಹಾಂತೇಶ.

"ಅವರನ್ನೇನು ಕೇಳ್ತೀರಾ? ಕೊಳ್ಳೋಳು ಇಲ್ಲಿ ನಿಂತಿದೀನಿ. ಆ ದಪ್ಪದ್ದರ ರೇಟು ಎಷ್ಟು? ಎಲ್ಲರಿಗೂ ಕೇಳೋ ಹಾಗೆ ಹೇಳಿ."

ಮಹಾಂತೇಶ ಹೇಳಿದ. ಅವಳು ಚೌಕಾಸಿ ಮಾಡಲಿಲ್ಲ. ದೊಡ್ಡಪ್ಪನವರ ಗುಟ್ಟಿನ ಕುದುರಿಕೆಗೆ ಮುಯ್ಯಿ ಎಂಬಂತೆ ಇದ್ದ ದರಕ್ಕೇ ಒಪ್ಪಿಕೊಂಡಳು. ಹಿಂದಿನ ಮುಚ್ಚಳ ಬಿಚ್ಚಿ ಜಾಗ ತೋರಿಸಿದರೆ ಮಾತ್ರ ತಗೊಳ್ಳುವುದೆಂದು ಹಟ ಹಿಡಿದಳು.

ಮೂಲೆಯಲ್ಲಿ ರಿಪೇರಿಗೆ ಕೂರುವ ರಘುವನ್ನು ಕರೆದರು. ಐವತ್ತು ದಾಟಿದ ಮಿತಭಾಷಿ ಆತ. ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೊಂದೇ ಸ್ಕ್ರೂ ಬಿಚ್ಚಿದ. ಅವು ಉರುಳಿಹೋಗದಂತೆ ಸಿರಿ ಅಂಗೈಯಲ್ಲಿ ಇಸಿದುಕೊಂಡಳು. ಮುಚ್ಚಳ ಎದ್ದಿತು. ಆತ ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿದ. ಹಸಿರು ಬೋರ್ಡಿನ ಮೇಲೆ ಬೆರಳುದ್ದದ ಜಾಗ, ಅದರ ಒಂದು ತುದಿಯಲ್ಲಿ ಸಣ್ಣದೊಂದು ಸೀಳು.

"ಯಾವಾಗ ಬೇಕಾದ್ರೂ ಹಾಕ್ಬೋದಮ್ಮ," ಎಂದ ರಘು.

ದೊಡ್ಡಪ್ಪ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇಷ್ಟು ಜಾಗಕ್ಕೆ ನನ್ನ ಮಾತು ಕಳೆದೆಯಾ?"

ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಹೌದೆನ್ನಲು ಸಿರಿಗೆ ಕಷ್ಟವಾಯಿತು.

"ಹೂಂ ದೊಡ್ಡಪ್ಪ. ಇಷ್ಟೇ ಜಾಗಕ್ಕೆ."

ಮಹಾಂತೇಶ ತರಿಸಿದ್ದ ಕಾಫಿಯನ್ನೂ ಮುಟ್ಟದೆ ದೊಡ್ಡಪ್ಪ ಮೆಟ್ಟಿಲಿಳಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ರಘು ಮುಚ್ಚಳ ಕೂರಿಸಿ ಕೈ ಚಾಚಿದ. ಬೆವೆತ ಅಂಗೈಗೆ ಸ್ಕ್ರೂಗಳು ಅಂಟಿಕೊಂಡಿದ್ದವು. ಸಿರಿ ಒಂದೊಂದನ್ನೇ ಉಗುರಿನಿಂದ ಬಿಡಿಸಿ ಅವನ ಕೈಗಿಡುತ್ತ ಹೋದಳು. ಕೊನೆಯದು ಕೂರುವ ತನಕ ಬಾಗಿಲ ಕಡೆ ತಿರುಗಲಿಲ್ಲ.