ಹೊಳೆವ್ವ ಹೇಳಿದ ಹಳ್ಳ

ಆನೇಕಲ್ ಕಡೆಯ ಲಾರಿಗಳನ್ನು ಊರೊಳಗೆ ಬಿಡದೆ ಹೊರಗಿನಿಂದಲೇ ಸಾಗಿಸುವ ಬೈಪಾಸಿಗೆ ಮಣ್ಣಿನ ಏರಿ ಎದ್ದು ನಿಂತಿತ್ತು. ನಡುವೆ ಇಪ್ಪತ್ತು ಅಡಿಯಷ್ಟು ಬಾಯಿ ಮಾತ್ರ ಉಳಿದಿತ್ತು. ಶನಿವಾರದೊಳಗೆ ಅದನ್ನೂ ಮುಚ್ಚುತ್ತಾರಂತೆ. ಆ ಮಾತು ಕೇಳಿದಾಗಿನಿಂದ ಹೊಳೆವ್ವನಿಗೆ ಅನ್ನ ಸೇರುತ್ತಿರಲಿಲ್ಲ.

ಕುಷ್ಟಗಿ ಕಡೆಯಿಂದ ಮಣ್ಣಿನ ಕೆಲಸಕ್ಕೆ ಬಂದವಳು ಅವಳು. ಏರಿಯ ಪಕ್ಕದಲ್ಲಿ, ಇಳಿಜಾರಿನ ಮೇಲ್ಗಡೆಯ ಕೂಲಿಯವರ ತಗಡಿನ ಶೆಡ್ಡಿನಲ್ಲಿ ಮಗಳು ನೀಲಾಂಬಿಕಾ ಹನ್ನೊಂದು ದಿನದ ಬಾಣಂತಿ. ಶೆಡ್ಡಿನ ಮುಂದಿನಿಂದ ಆ ಬಾಯಿಯವರೆಗೂ ಉಸುಕು, ನುಣ್ಣಗಿನ ಹರಳು, ಒಂದೇ ದಿಕ್ಕಿಗೆ ಮಲಗಿದ ಹುಲ್ಲು. ನೀರು ನಡೆದ ದಾರಿ ಎಂದು ಗುರುತಿಸಲು ಅವಳಿಗೆ ಯಾವ ನಕ್ಷೆಯೂ ಬೇಕಿರಲಿಲ್ಲ. ಬಾಯಿ ಮುಚ್ಚಿದರೆ ಮೊದಲ ಮಳೆಗೇ ನೀರು ಏರಿಗೆ ತಡೆದು ಶೆಡ್ಡಿಗೆ ನುಗ್ಗುತ್ತದೆ.

"ಸಾಹೇಬ್ರ, ಇಲ್ಲಿ ಹಳ್ಳ ಐತ್ರಿ," ಎಂದಳು ಸೈಟ್ ಎಂಜಿನಿಯರ್ ಹರ್ಷವರ್ಧನನಿಗೆ.

"ಗೊತ್ತು ಕಣಕ್ಕ, ಅದಕ್ಕೇ ತುಂಬಿಸ್ತಿರೋದು."

ಮರುದಿನ ಮತ್ತೆ ಹೋದಳು. "ಸಣ್ಣದಲ್ರಿ, ದೊಡ್ಡ ಹಳ್ಳ!"

"ಹಂಗಾದ್ರೆ ಇನ್ನೈದು ಲೋಡ್ ಹಾಕ್ಸೋಣ ಬಿಡಿ," ಎಂದು ಅವನು ನಗುತ್ತಾ ಫೋನ್ ಹಿಡಿದ. ಪಾಪ, ಕೆಟ್ಟವನೇನಲ್ಲ. ಆದರೆ ಹೊಳೆವ್ವನಿಗೆ ಮೈಯೆಲ್ಲ ಉರಿದುಹೋಯಿತು. ಹಳ್ಳವೆಂದು ಗೊತ್ತಿದ್ದೂ ಮಣ್ಣು ಸುರಿಯುವ ಇವನು ಎಂಥ ಎಂಜಿನಿಯರು!

ಮೂರನೆಯ ದಿನ ಅವನ ಬೈಕು ಸೈಟಿನ ಮುಂದೆಯೇ ಗುಂಡಿಗೆ ಧಡಕ್ಕನೆ ಇಳಿಯಿತು. "ಥೂ, ರೋಡ್ ತುಂಬಾ ಬರೀ ಹಳ್ಳ!" ಎಂದು ಬೈದ.

ಹೊಳೆವ್ವ ಬುಟ್ಟಿ ಕೆಳಗಿಟ್ಟಳು. ಅಯ್ಯ ಶಿವನೇ, ಈ ಊರಿನವರು ತಗ್ಗಿಗೆ ಹಳ್ಳ ಅನ್ನುತ್ತಾರೆ!

"ಸಾಹೇಬ್ರ, ನಾ ಹೇಳಿದ್ದು ತಗ್ಗಲ್ರಿ. ನೀರು ಹರಿಯೂ ಹಳ್ಳ."

ಅವನು ಒಣಗಿ ಬಿರುಕುಬಿಟ್ಟ ನೆಲವನ್ನು ನೋಡಿದ. "ನೀರೆಲ್ಲಕ್ಕ? ಡ್ರಾಯಿಂಗಲ್ಲಿ ಮೋರಿನೇ ಇಲ್ಲ. ನಂಗ್ಯಾಕೆ ತಲೆ ತಿಂತೀರಾ?"

ಹೊಳೆವ್ವ ಬುಟ್ಟಿಯನ್ನು ಅಲ್ಲೇ ಬಿಟ್ಟಳು. ಏರಿಗೆ ನೀರು ಹೊಡೆಯುವ ಟ್ಯಾಂಕರಿನ ಮುನಿಕೃಷ್ಣನ ಬಳಿಗೆ ನೇರವಾಗಿ ನಡೆದಳು. ಶೆಡ್ಡುಗಳಿಗಿಂತ ಮೇಲ್ಗಡೆ ನಿಲ್ಲಿಸಿ ಟ್ಯಾಂಕರಿನ ನೀರನ್ನು ಪೂರ್ತಿ ಬಿಡು ಎಂದಳು.

"ನನ್ ಕೆಲ್ಸ ಓಯ್ತದೆ ಕಣಕ್ಕ."

"ಹೋದ್ರ ನಂದೂ ಹೋಗಲಿ. ಬಿಡು ನೀ."

ನೀರು ಸ್ವಲ್ಪ ಹೊತ್ತು ಉಸುಕಿನಲ್ಲಿ ತಡವರಿಸಿತು. ಆಮೇಲೆ ದಾರಿ ಹಿಡಿದು ಶೆಡ್ಡುಗಳ ಮುಂದೆ ಹಾದು ಸೀದಾ ಆ ಬಾಯಿಗೆ ಬಂತು. ಅಲ್ಲಿ ಆಗಲೇ ಮೊಣಕಾಲೆತ್ತರ ಮಣ್ಣು ಬಿದ್ದಿತ್ತು. ನೀರು ನಿಂತಿತು, ಅಗಲವಾಯಿತು, ಹಿಂದಕ್ಕೆ ಸರಿಯಿತು, ಹೊಳೆವ್ವನ ಹೊಸ್ತಿಲನ್ನು ನೆಕ್ಕಿತು. ಒಳಗೆ ಕೂಸು ಅತ್ತಿತು.

ಕೂಗಾಡುತ್ತಾ ಓಡಿ ಬಂದ ಹರ್ಷವರ್ಧನ್ ಹೊಸ್ತಿಲು ಕಂಡವನೇ ಅಲ್ಲೇ ನಿಂತ.

"ಇದು ಒಂದ ಟ್ಯಾಂಕರ್ ರೀ," ಎಂದಳು ಹೊಳೆವ್ವ. "ಮಳಿ ಇನ್ನಾ ಬಂದಿಲ್ಲ."

ಅವನು ಬೆವರೊರೆಸಿಕೊಂಡ. ಜೆಸಿಬಿಯವನನ್ನು ಕೂಗಿ ಸುರಿದ ಮಣ್ಣನ್ನೆಲ್ಲ ತೆಗೆಸಿದ. "ಆಫೀಸಿಗೆ ನಾನೇ ಮಾತಾಡ್ತೀನಿ. ಮೋರಿಗೆ ಪೈಪ್ ಬರೋಕೆ ನಾಲ್ಕು ದಿನ ಆಗುತ್ತೆ. ನೀವ್ ಕೆಲಸಕ್ಕೆ ಹೋಗಿ ಅಕ್ಕ."

ಹೊಳೆವ್ವ ಸೀರೆ ಎತ್ತಿಕಟ್ಟಿ, ಒದ್ದೆ ಉಸುಕಿನ ನಡುವೆ, ಆ ಬಾಯಿಯಲ್ಲೇ ಕುಳಿತುಬಿಟ್ಟಳು.

"ಬರಲಿ ಪೈಪು. ಆಮ್ಯಾಲೆ ಏಳತೀನಿ."