ಚಾಪೆಯ ಮೇಲಿನ ರಕ್ತ

ಮೂಗಿನ ಮೂಳೆ ಮುರಿದ ಸದ್ದು ಹೊರಗಿನವರಿಗೆ ಕೇಳುವುದಿಲ್ಲ, ಮುರಿಸಿಕೊಂಡವಳ ತಲೆಯೊಳಗೆ ಕೇಳುತ್ತದೆ. ನನ್ನ ಗಂಡ ವಿಭವ ಹಿತ್ತಾಳೆಯ ಚೆಂಬಿನಿಂದ ಮೊದಲು ಮೂಗಿಗೆ ಹೊಡೆದ. ಚಾಪೆಯ ಮೇಲೆ ಬಿದ್ದವಳನ್ನು ಜಡೆ ಹಿಡಿದು ಎತ್ತಿ ಬಾಯಿಗೆ ಹೊಡೆದ. ಎರಡು ಹಲ್ಲು ನಾಲಿಗೆಯ ಮೇಲೆ ಬಂದು ಕೂತವು. ಆಮೇಲೆ ಅವನು ಸ್ನಾನ ಮಾಡಿ, ಮಡಿಯುಟ್ಟು, ಸಂಜೆಯ ಪೂಜೆಗೆ ದೇವಸ್ಥಾನಕ್ಕೆ ಹೋದ.

ಬಿಜೈಯಲ್ಲಿದ್ದ ನನ್ನ ಗಂಡನ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹಿಂದಿನ ಕೋಣೆಯಲ್ಲಿ ಬೇರೆ ಕೂರಬೇಕು. ಯಾರೂ ಮುಟ್ಟುವಂತಿಲ್ಲ. ಡಿಎನ್‌ಎ ಲ್ಯಾಬಿನಲ್ಲಿ ಕೆಲಸ ಮಾಡಿ ಬಂದವಳು ನಾನು, ಹೊಸತರಲ್ಲಿ ಮೈ ಉರಿದುಹೋಗುತ್ತಿತ್ತು. ಆಮೇಲೆ ತಿಳಿಯಿತು, ತಿಂಗಳಲ್ಲಿ ನನಗೆ ಏಟು ಬೀಳದ ದಿನಗಳೆಂದರೆ ಅವು ಮೂರೇ. ಮುಟ್ಟಿದರೆ ಮೈಲಿಗೆ, ಮೈಲಿಗೆಯಾದರೆ ಪೂಜೆಗೆ ಹೋಗುವಂತಿಲ್ಲ. ಇನ್ನೂ ನಿಂತಿಲ್ಲ ಎಂದು ಅತ್ತೆಗೆ ಹೇಳಿ ಮೂರನ್ನು ಐದು ಮಾಡಿಕೊಂಡೆ. ಹೆದರಿಕೆ ಮೀರಿದ ಒಂದು ತಿಂಗಳು, ಮುಟ್ಟಾಗುವ ಮೊದಲೇ ಹೋಗಿ ಕೂತೆ. ಎರಡನೇ ದಿನ ಅವನು ಚೆಂಬು ಹಿಡಿದು ಬಾಗಿಲು ಒದ್ದು ಒಳಗೆ ಬಂದ. ನಾನು ಮುಟ್ಟಾಗಿಲ್ಲವೆಂದು ಅವನಿಗೆ ಹೇಗೆ ಗೊತ್ತಾಯಿತೋ ನನಗೆ ತಿಳಿಯಲಿಲ್ಲ.

ಆಸ್ಪತ್ರೆಯಿಂದ ನೇರ ಪೊಲೀಸ್ ಸ್ಟೇಷನ್ನಿಗೆ ಹೋದೆ. ಬಚ್ಚಲಲ್ಲಿ ಜಾರಿಬಿದ್ದಳು ಎಂದು ವಿಭವ ಬರೆಸಿದ. ಹಾಗಾದರೆ ಕೋಣೆಯ ಚಾಪೆಯಲ್ಲಿ ರಕ್ತ ಏಕೆ ಎಂದು ಎಸ್‌ಐ ಕಾರ್ಮಿನ್ ಕೇಳಿದರು. ಅದು ಅವಳ ತಿಂಗಳಿನದು ಎಂದರು ಅತ್ತೆ ನೀರಜಾಕ್ಷಿ. ನಾನು ಸುಳ್ಳು ಹೇಳಿ ಕೂತಿದ್ದೆ ಎಂದು ಒಪ್ಪಿಕೊಂಡೆ. ಅತ್ತೆ ನಕ್ಕರು.

"ಸುಳ್ಳು ಹೇಳಿ ಹೊರಗೆ ಕೂರುವವರು ಎಲ್ಲಿಯಾದ್ರೂ ಉಂಟಾ ಮೇಡಮ್?"

ಕಾರ್ಮಿನ್‌ಗೂ ಅದು ಹೌದೆನ್ನಿಸಿತು. ನನ್ನನ್ನು ಕಾದ ಮುಟ್ಟೇ ಈಗ ಅವನನ್ನು ಕಾಯುತ್ತಿತ್ತು, ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕೇಸು ಬಿದ್ದುಹೋದರೆ ಹೊಂದಿಕೊಂಡು ಹೋಗು ಎಂದು ತವರಿನವರು ಆಗಲೇ ಹೇಳಿಯಾಗಿತ್ತು. ಆ ಮನೆಗೆ ಇನ್ನೊಮ್ಮೆ ಹೋದರೆ ನನ್ನ ಹೆಣವೇ ಹೊರಗೆ ಬರುವುದು ಎಂದು ನನಗೆ ಖಾತ್ರಿಯಿತ್ತು.

ಚಾಪೆಯ ಚೂರನ್ನು ಲ್ಯಾಬಿಗೆ ಕಳಿಸಿ ಎಂದು ನಾನೇ ಹಟ ಹಿಡಿದೆ. ಡಿಎನ್‌ಎ ಹೇಗೂ ನನ್ನದೇ, ಅದರಲ್ಲಿ ಯಾರಿಗೂ ಸಂಶಯವಿಲ್ಲ. ನೋಡಬೇಕಾದದ್ದು ಅದರ ಮೇಲೆ ಅಂಟಿರುವ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು. ಮುಟ್ಟಿನ ರಕ್ತದಲ್ಲಿ ಗರ್ಭಕೋಶದ ಒಳಪದರದ ಜೀವಕೋಶಗಳಿರುತ್ತವೆ, ಅವುಗಳ ಡಿಎನ್‌ಎಯಲ್ಲಿ ಕೆಲವು ಕಡೆ ಗುರುತು ಬಿದ್ದಿರುತ್ತದೆ. ಗಾಯದ ರಕ್ತದಲ್ಲಿ ಅದೇ ಜಾಗ ಖಾಲಿ. ಅದನ್ನು ಓದಲು ಡಿಎನ್‌ಎಯನ್ನು ಬೈಸಲ್ಫೈಟ್ ಎಂಬ ರಾಸಾಯನಿಕದಲ್ಲಿ ಗಂಟೆಗಟ್ಟಲೆ ಬಿಸಿಮಾಡಬೇಕು. ಅದು ಚಿತ್ರಹಿಂಸೆಯೇ. ಎಳೆಗಳು ಮುಕ್ಕಾಲು ಪಾಲು ತುಂಡಾಗುತ್ತವೆ. ಉಳಿದದ್ದರಲ್ಲಿ ಗುರುತಿದ್ದ ಡಿಎನ್‌ಎ ಅಕ್ಷರ ಹಾಗೇ ನಿಲ್ಲುತ್ತದೆ, ಗುರುತಿಲ್ಲದ್ದು ಬೇರೆ ಅಕ್ಷರವಾಗುತ್ತದೆ.

ಹತ್ತು ದಿನದ ಮೇಲೆ ಕಾರ್ಮಿನ್ ನನ್ನನ್ನು ಕರೆಸಿದರು. ಲ್ಯಾಬಿನ ರೇಚಲ್ ಫೋನಿನಲ್ಲಿದ್ದಳು. ಮೊದಲ ಸಲ ಮುಟ್ಟಿನ ರಕ್ತವೆಂದೇ ಬಂದಿತ್ತಂತೆ. ಆದರೆ ಪರೀಕ್ಷೆ ಸರಿಯಾಗಿದೆಯೇ ಎಂದು ನೋಡಲು ಜೊತೆಗಿಟ್ಟಿದ್ದ, ಗುರುತೇ ಇಲ್ಲದ ಡಿಎನ್‌ಎ ಕೂಡ ಗುರುತು ತೋರಿಸಿತ್ತು. ಬೈಸಲ್ಫೈಟ್ ಅರ್ಧ ಕೆಲಸ ಮಾಡಿ ಬಿಟ್ಟಿತ್ತು. ಹಾಗಾದಾಗ ಖಾಲಿ ಜಾಗವೂ ಗುರುತಿದ್ದಂತೆ ಕಾಣುತ್ತದೆ. ರೇಚಲ್ ಆ ಫಲಿತಾಂಶವನ್ನು ತಳ್ಳಿಹಾಕಿದ್ದಳು.

"ಇನ್ನು ಒಂದು ಸಲದ ಪರೀಕ್ಷೆಗೆ ಸಾಕಾಗುವಷ್ಟು ಡಿಎನ್‌ಎ ಮಾತ್ರ ಉಂಟು ಮೇಡಮ್" ಎಂದಳು.

ಮುಂದಿನ ನಾಲ್ಕು ದಿನ ನಾನು ಅನ್ನ ನುಂಗಲಿಲ್ಲ.

ವರದಿ ಬಂದ ದಿನ ಸ್ಟೇಷನ್ನಿನಲ್ಲಿ ಎಲ್ಲರೂ ಇದ್ದೆವು. ಮುಟ್ಟಿನ ರಕ್ತವಲ್ಲ, ಗಾಯದ್ದು ಎಂದು ಕಾರ್ಮಿನ್ ಓದಿದರು. ವಿಭವ ನೆಲ ನೋಡಿದ. ಅತ್ತೆಗೆ ಮಾತ್ರ ಇಷ್ಟು ದಿನ ಅದುಮಿಟ್ಟ ಸಿಟ್ಟು ನೆತ್ತಿಗೇರಿತು, ಮಗ ಸಿಕ್ಕಿಬಿದ್ದದ್ದಕ್ಕಲ್ಲ, ನಾನು ಮಡಿಯ ಮನೆಯಲ್ಲಿ ಮೋಸ ಮಾಡಿದ್ದಕ್ಕೆ. ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿದರು.

"ನೋಡಿದ್ರಾ ಮೇಡಮ್, ಇವಳು ಹೊರಗೆ ಆಗಿರಲೇ ಇಲ್ಲ! ಕಸದ ಬುಟ್ಟಿಯಲ್ಲಿ ಪ್ಯಾಡ್ ಇಲ್ಲದ್ದು ನೋಡಿ ನಾನು ಆವತ್ತೇ ಇವನಿಗೆ ಹೇಳಿದ್ದೆ."

"ಯಾವಾಗ ಹೇಳಿದ್ದು ಅಮ್ಮ?" ಕಾರ್ಮಿನ್ ಮೆಲ್ಲಗೆ ಕೇಳಿದರು.

"ಇವನು ಆ ಕೋಣೆಗೆ ಹೋಗುವ ಮೊದಲು. ಇಲ್ಲದಿದ್ರೆ ಇವನು ಮುಟ್ಟುತ್ತಿದ್ದನಾ?"

ಮಗ ಆ ಕೋಣೆಗೆ ಬಂದು ನನ್ನನ್ನು ಮುಟ್ಟಿದ್ದನ್ನು ತಾವೇ ಒಪ್ಪಿಕೊಂಡದ್ದು ಅವರಿಗೆ ಹೊಳೆಯುವ ಮೊದಲೇ ವಿಭವನಿಗೆ ಹೊಳೆಯಿತು. ಎದ್ದವನೇ ಮುಷ್ಟಿ ಬಿಗಿದು ತಾಯಿಯ ಮುಖಕ್ಕೆ ಗುದ್ದಿದ. ಅತ್ತೆ ಮೇಜಿನ ಅಂಚಿಗೆ ತಾಗಿ ಕೆಳಗೆ ಬಿದ್ದರು. ತುರುಬಿಗೆ ಕೈಹಾಕಿ ಎತ್ತಿ ಇನ್ನೊಮ್ಮೆ ಬಾಯಿಗೆ ಗುದ್ದಿದ. ಇಬ್ಬರು ಪೇದೆಗಳು ಅವನನ್ನು ಎಳೆದು ಗೋಡೆಗೆ ಒತ್ತಿ ಹಿಡಿದರು. ಅತ್ತೆಯ ಗಲ್ಲದಿಂದ ರಕ್ತ ಸೀರೆಗೆ ಇಳಿಯುತ್ತಿತ್ತು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಬಗ್ಗಿ ಅವರ ಸೆರಗನ್ನೇ ಗಲ್ಲಕ್ಕೆ ಒತ್ತಿ ಹಿಡಿದೆ.

"ಬರ್ಕೊಳ್ಳಿ ಮೇಡಮ್," ಎಂದೆ, "ನನಗೆ ಹೊಡೆದದ್ದೂ ಹೀಗೇ."