ಮೊದಲ ಸಾಲಿನ ಕೊಡೆ

ಪೆನ್ಯಾಮಾರ್‌ನ ಕಡಲತೀರದಲ್ಲಿ ಆಗಸ್ಟ್ ತಿಂಗಳಲ್ಲಿ ಮೊದಲ ಸಾಲಲ್ಲಿ ಕೂರಬೇಕೆಂದರೆ ಬೆಳಗಿನ ಏಳರೊಳಗೆ ಮರಳಲ್ಲಿ ಬಿಸಿಲಿನ ಕೊಡೆ ನೆಡಬೇಕು. ಈ ಊರಿಗೆ ರೋಮನ್ನರು ಬಂದರು, ಮೂರ್ ಎಂಬ ಮುಸ್ಲಿಂ ಜನಾಂಗದ ಅರಸರು ಬಂದು ಬಂಡೆಯ ಮೇಲೆ ಕೋಟೆ ಕಟ್ಟಿದರು, ಕಡಲ್ಗಳ್ಳರು ಬಂದು ದೋಚಿದರು. ಆದರೆ ಒಳನಾಡಿನ ಅಲ್ಬಾಸೇತೆಯಿಂದ ಬೇಸಿಗೆಗೆ ಬರುವ ಮುದುಕರಷ್ಟು ಹಟ ಹಿಡಿದು ಈ ಮರಳನ್ನು ಯಾರೂ ಆಕ್ರಮಿಸಲಿಲ್ಲ ಬಿಡಿ.

ಫೆರ್ಮಿನ್ ಅಂಥ ಮುದುಕರಲ್ಲಿ ಒಬ್ಬ. ಚಾಕು ಕಾರ್ಖಾನೆಯಲ್ಲಿ ಅಲಗು ಮಸೆದು ನಿವೃತ್ತನಾದವನು. ಮೂವತ್ತಾರು ಬೇಸಿಗೆ ಒಂದೇ ಜಾಗದಲ್ಲಿ ಕೊಡೆ ನೆಟ್ಟಿದ್ದ: ಹಿಂದೆ ರೋಮನ್ನರು ಮೀನಿಗೆ ಉಪ್ಪು ಹಾಕುತ್ತಿದ್ದ ಕಲ್ಲಿನ ತೊಟ್ಟಿಗಳ ನೇರಕ್ಕೆ, ನೀರಿನಿಂದ ಹತ್ತು ಹೆಜ್ಜೆ. ನೀಲಿ-ಬಿಳಿ ಪಟ್ಟೆಯ ಕೊಡೆ. ಹರಿದ ಕಡೆ ಹೆಂಡತಿ ರೆಮೆ ತನ್ನ ಹಳೆಯ ಏಪ್ರನ್ ಕತ್ತರಿಸಿ ಹಸಿರು ತೇಪೆ ಹಾಕಿದ್ದಳು. ಅವನು ಕೊಡೆ ನೆಟ್ಟು, ಪಕ್ಕಕ್ಕೆ ಎರಡು ಕುರ್ಚಿ ಹಾಕಿ, ಬಾಡಿಗೆ ಮನೆಗೆ ಹೋಗಿ ಅವಳಿಗೆ ಹಾಸಿಗೆಗೇ ಕಾಫಿ ಕೊಟ್ಟು, ಮತ್ತೆ ಬಂದು ಕೂರುತ್ತಿದ್ದ. ಹತ್ತಕ್ಕೆ ಅವಳು ಕಲ್ಲಂಗಡಿ ಎತ್ತಿಕೊಂಡು, ತೇಪೆ ನೋಡಿಕೊಂಡು ನೇರ ಬರುತ್ತಿದ್ದಳು. "ಫೆರ್ಮಿನ್, ಜರುಗು" ಅನ್ನುತ್ತಿದ್ದಳು. ದಿನದ ಮೊದಲ ಮಾತು ಅದೇ.

ಈಗ ರೆಮೆಗೆ ಮರೆವಿನ ಕಾಯಿಲೆ. ಕಳೆದ ಚಳಿಗಾಲದಿಂದ ಗಂಡನ ಗುರುತೇ ಇಲ್ಲ. "ಇವರೇ, ಒಂಚೂರು ನೀರು ಕೊಡ್ತೀರಾ?" ಎಂದು ಹೋಟೆಲಿನವನನ್ನು ಕೇಳುವ ಹಾಗೆ ಕೇಳುತ್ತಾಳೆ. ಮಗಳು ಎಂಕಾರ್ನಾ ಅಲ್ಬಾಸೇತೆಯಲ್ಲೇ ಒಂದು ವೃದ್ಧಾಶ್ರಮ ಗೊತ್ತು ಮಾಡಿದ್ದಳು. ಬರುವ ಸೋಮವಾರ ಸೇರಿಸಬೇಕು.

"ಅಪ್ಪಾ, ನಿನಗೇ ಎಪ್ಪತ್ತೊಂಬತ್ತು. ಅಮ್ಮ ಗ್ಯಾಸ್ ತಿರುಗಿಸಿ ಹಚ್ಚೋದನ್ನೇ ಮರೀತಾಳೆ. ಒಂದಿನ ಇಬ್ರೂ ಸುಟ್ಟು ಹೋಗ್ತೀರ."

"ಕಡಲ ಹತ್ರ ಕರ್ಕೊಂಡು ಹೋಗೋಣ. ಕೊಡೆ ಕೆಳಗೆ ಕೂತ್ರೆ ನನ್ನ ಗುರುತು ಹಿಡೀತಾಳೆ."

"ಹಿಡೀದಿದ್ರೆ?"

"ಹಿಡಿದ್ರೆ ಏನ್ ಮಾಡ್ತೀಯ, ಅದನ್ನ ಹೇಳು."

ಎಂಕಾರ್ನಾ ಸೋತಳು. "ಒಂದೇ ಒಂದ್ಸಲ ಹಿಡೀಲಿ. ಆಶ್ರಮದ ಜಾಗ ಬೇಡ ಅಂತ ನಾನೇ ಫೋನ್ ಮಾಡ್ತೀನಿ."

ಹಾಗೆ ಮೂವರೂ ಬಂದರು. ಬಂದ ಮೂರು ದಿನವೂ ಹಾಳು ಮೂಡಣ ಗಾಳಿ. ಜಪ್ಪಯ್ಯ ಅಂದರೂ ಕೊಡೆ ನಿಲ್ಲಲಿಲ್ಲ. ಉಳಿದದ್ದು ಭಾನುವಾರ ಒಂದೇ.

ಭಾನುವಾರ ಗಾಳಿ ಬಿದ್ದಿತ್ತು. ಆರೂವರೆಗೆ ಫೆರ್ಮಿನ್ ಕೊಡೆ ನೆಟ್ಟು, ಬುಡಕ್ಕೆ ಕಾಲಿಂದ ಮರಳು ತುಳಿದ. ಪಕ್ಕದಲ್ಲಿ ಸಾರಾಗೋಸಾ ಊರಿನ ಪುರಿ ಎಂಬಾಕೆ ತನ್ನ ಕೊಡೆ ಬಿಚ್ಚುತ್ತಿದ್ದಳು. ಈ ಮರಳಿನ ಮೇಲೆ ಇಪ್ಪತ್ತು ವರ್ಷದ ನೆರೆಯವಳು, ಮಾತು ಮಾತ್ರ ಖಾರ.

"ಏ ಫೆರ್ಮಿನ್, ಬಿಟ್ಟು ಹೋಗ್ಬೇಡ. ಈ ವರ್ಷದಿಂದ ಹೊಸ ಕಾನೂನು. ಒಂಬತ್ತಕ್ಕೆ ಮುಂಚೆ ಆಳಿಲ್ಲದ ಕೊಡೆ ಕಂಡ್ರೆ ಪುರಸಭೆಯೋರು ಕಿತ್ಕೊಂಡು ಹೋಗ್ತಾರೆ. ನಾನೇ ಕಾವಲು ಕೂತಿದೀನಿ ನೋಡು."

"ಮೂವತ್ತಾರು ವರ್ಷದ ಕೊಡೆ ಇದು! ಕೀಳೋಕೆ ಅವರಪ್ಪ ಬರ್ಬೇಕು."

"ಅವರಪ್ಪ ಬರಲ್ಲ, ಟ್ರ್ಯಾಕ್ಟರ್ ಬರತ್ತೆ."

"ಹಾಗಾದ್ರೆ ಇದನ್ನೂ ಒಂಚೂರು ನೋಡ್ಕೊ."

"ಒಬ್ರಿಗೆ ಒಂದೇ ಕೊಡೆಯಂತೆ ಮಾರಾಯ. ಎರಡೂ ನಂದೇ ಅಂದ್ರೆ ನನಗೂ ದಂಡ."

ಕೂತಿದ್ದರೆ ಅವನ ಗಂಟೇನು ಹೋಗುತ್ತಿತ್ತು? ರೆಮೆಯನ್ನು ಮಗಳು ಕರೆತರುತ್ತಿರಲಿಲ್ಲವೇ? ಆದರೆ ಇವತ್ತು ಕೂದಲೆಳೆಯಷ್ಟೂ ಬದಲಾಗಬಾರದು ಎಂದು ಅವನ ಹಟ. ಕೊಡೆ ಆಯಿತು, ಇನ್ನು ಹಾಸಿಗೆಗೆ ಕಾಫಿ, ಆಮೇಲೆ ಬಂದು ಕೂರುವುದು. ಹಾಗೇ ಹೊರಟುಬಿಟ್ಟ.

ರೆಮೆ ಕಾಫಿ ಕುಡಿದು, ಕಿಟಕಿಯತ್ತ ನೋಡಿ, "ಗಾಳಿ ನಿಂತಿತಾ?" ಎಂದಳು. ತಾನೇ ಎದ್ದು ಕನ್ನಡಿಯ ಮುಂದೆ ತುಟಿಗೆ ಬಣ್ಣ ಹಚ್ಚಿಕೊಂಡಳು. ಎಷ್ಟೋ ತಿಂಗಳಾಗಿತ್ತು ಅವಳು ಕನ್ನಡಿ ನೋಡಿ. ಎಂಕಾರ್ನಾಳ ಕಣ್ಣು ತುಂಬಿತು. ಫೆರ್ಮಿನ್ ಕಡಲಿಗೆ ಮುಂದಾಗಿ ಹೋಗಲು ಚಪ್ಪಲಿ ಮೆಟ್ಟಿದ್ದ. ಮೆಟ್ಟಿಲ ಹತ್ತಿರ ರೆಮೆ ಬಂದು ಅವನ ತೋಳು ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಅವಳು ನಿಂತು ನಿಂತು ನಡೆದಳು, ಅವನೂ ಹಾಗೇ ನಡೆದ.

ಮರಳು ಸಿಕ್ಕಿದ್ದೇ ರೆಮೆ ತೋಳು ಬಿಟ್ಟಳು. ರೋಮನ್ ತೊಟ್ಟಿಗಳ ಹತ್ತಿರ ಯಾರೂ ಹೇಳದೆ ನೀರಿನ ಕಡೆ ತಿರುಗಿ, ನೇರ ನಡೆದು, ಹತ್ತು ಹೆಜ್ಜೆ ಉಳಿದಿರುವಾಗ ನಿಂತಳು. ಅದೇ ಜಾಗ. ಅಲ್ಲಿ ಕೊಡೆಯ ಕಂಬ ಕಿತ್ತ ಗುಂಡಿ ಇತ್ತು, ಟ್ರ್ಯಾಕ್ಟರಿನ ಚಕ್ರದ ಗುರುತಿತ್ತು. ಕುರ್ಚಿಗಳೂ ಇರಲಿಲ್ಲ. ಪುರಿ ತಲೆ ತಗ್ಗಿಸಿದಳು.

"ಬೇಡ್ಕೊಂಡೆ ಕಣೋ. ಕೇಳ್ಲಿಲ್ಲ," ಎಂದಳು.

ರೆಮೆ ಅತ್ತ ಇತ್ತ ನೋಡಿದಳು. "ನನ್ನ ಗಂಡ ಎಲ್ಲಿ?"

"ನಾನಿಲ್ಲೇ ಇದೀನಲ್ಲ ರೆಮೆ. ನೋಡಿಲ್ಲಿ."

"ನೀವಲ್ಲ. ನಮ್ಮ ಫೆರ್ಮಿನ್. ಬೆಳಿಗ್ಗೇನೇ ಬಂದು ಜಾಗ ಹಿಡೀತಾನೆ, ಒಂದಿನಾನೂ ತಪ್ಪಿಸಿದವನಲ್ಲ. ಅವನಿಗೆ ಏನೋ ಆಗಿದೆ." ಅವಳು ಮಗುವಿನ ಹಾಗೆ ಅಳತೊಡಗಿದಳು.

"ಅಪ್ಪಾ, ಹೆಸರು ಹೇಳಿದ್ಲು!" ಎಂದಳು ಎಂಕಾರ್ನಾ.

ಕೊಡೆ ತಂದರೆ ಸಾಕು, ಅದರ ಕೆಳಗೆ ನಾನು ಕೂತದ್ದು ಕಂಡರೆ ಸಾಕು. ಇದನ್ನೇ ಹೇಳಿಕೊಳ್ಳುತ್ತ ಫೆರ್ಮಿನ್ ಕೋಟೆಯ ಹಿಂದಿನ ಏರು ಹತ್ತಿದ. ಆ ಬಿಸಿಲಲ್ಲಿ, ಆ ವಯಸ್ಸಲ್ಲಿ! ಪುರಸಭೆಯ ಉಗ್ರಾಣದಲ್ಲಿ ನೂರಾರು ಕೊಡೆ ರಾಶಿ ಬಿದ್ದಿದ್ದವು.

"ತಾತಾ, ನಿಮ್ದು ಯಾವುದು?" ಎಂದ ಅಲ್ಲಿದ್ದವನು.

"ಹಸಿರು ತೇಪೆದು. ಹೆಂಡ್ತಿ ಹೊಲಿದಿದ್ದು."

ಬೇರೆ ದಿನವಾಗಿದ್ದರೆ ದಂಡದ ಮಾತಿಗೆ ಊರು ಒಂದು ಮಾಡುತ್ತಿದ್ದ. ಇವತ್ತು ಕೇಳಿದಷ್ಟು ದಂಡ ಎಣಿಸಿ ಕೊಟ್ಟ. ಕೊಡೆ ಹೆಗಲಿಗೇರಿಸಿ, ಎರಡು ಕುರ್ಚಿ ಕಂಕುಳಿಗೆ ಸಿಕ್ಕಿಸಿ ಇಳಿದು ಬಂದಾಗ ಮಧ್ಯಾಹ್ನವಾಗಿತ್ತು. ಪುರಿಯ ಕೊಡೆಯ ಕೆಳಗೆ ಕೂತಿದ್ದ ರೆಮೆಯ ಮುಖ ಅತ್ತು ಅತ್ತು ಊದಿತ್ತು.

ಅದೇ ಗುಂಡಿಯಲ್ಲಿ ಅವನು ಕೊಡೆ ನೆಟ್ಟ, ಬಿಚ್ಚಿದ. ತೇಪೆ ಕಂಡಿದ್ದೇ ರೆಮೆಯ ಮುಖ ಅರಳಿತು. ಎದ್ದು ಬಂದು ತನ್ನ ಕುರ್ಚಿಯಲ್ಲಿ ಕೂತು, ತಲೆಯೆತ್ತಿ ಆ ಹೊಲಿಗೆಯನ್ನು ಬೆರಳಿಂದ ಸವರಿದಳು. ಫೆರ್ಮಿನ್ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತ. ರೆಮೆ ಅವನ ಕಡೆ ತಿರುಗಿ ನಕ್ಕಳು.

"ಕೊಡೆ ತಂದ್ಕೊಟ್ಟಿದ್ದು ದೊಡ್ಡ ಉಪಕಾರ ಆಯ್ತು. ಆದ್ರೆ ಸ್ವಲ್ಪ ಜರುಗ್ತೀರಾ? ಅದು ನಮ್ಮವನ ಕುರ್ಚಿ. ಇನ್ನೇನು ಬಂದ್ಬಿಡ್ತಾನೆ."

ಫೆರ್ಮಿನ್ ಎದ್ದ. ಎಂಕಾರ್ನಾ ಹತ್ತಿರ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಅಪ್ಪಾ, ಬೇಕಾದ್ರೆ ಇನ್ನೊಂದಿನ ಇರೋಣ."

"ಬೇಡ. ನಾಳೆ ಅಲ್ಲಿ ಎಷ್ಟು ಗಂಟೆಗೆ ಇರ್ಬೇಕು?"

"ಹನ್ನೊಂದಕ್ಕೆ."

"ಹಾಗಾದ್ರೆ ಸಂಜೇನೇ ಹೊರಡೋಣ."

ಅವನು ನೆರಳಿನಾಚೆ ಬಿಸಿಲಲ್ಲಿ ಮರಳ ಮೇಲೆ ಕೂತ. ರೆಮೆ ಅವನತ್ತ ಒಮ್ಮೆ ಅನುಮಾನದಿಂದ ನೋಡಿ, ಬೇರೆ ಯಾರೂ ಬಂದು ಕೂರದ ಹಾಗೆ ಪಕ್ಕದ ಕುರ್ಚಿಯ ಮೇಲೆ ತನ್ನ ಟವೆಲ್ ಹಾಸಿ ಜಾಗ ಹಿಡಿದಿಟ್ಟಳು.